ಹೊಸ ಬಾಯ್ಲರ್ ಹಾಕಿಸಿದ ಮೇಲೆ ಮನೆಯಲ್ಲಿ ಏನೋ ವಾಸನೆಯೇ? ಹೀಗೆ ಪತ್ತೆ ಮಾಡಿ

ಮನೆ ಬೆಚ್ಚಗಿಡಲು ಹೊಸ ಬಾಯ್ಲರ್ ಹಾಕಿಸಿದ್ದಾಯಿತು. ಫಿಟ್ಟರ್ ಎಲ್ಲ ಜೋಡಿಸಿ, ಆನ್ ಮಾಡಿ ತೋರಿಸಿ ಹೋದರು. ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ಮನೆಯೊಳಗೆ ಏನೋ ವಾಸನೆ. ಬಣ್ಣ ಕಾದ ಹಾಗೆ, ಎಣ್ಣೆ ಸೀದ ಹಾಗೆ, ಒಮ್ಮೊಮ್ಮೆ ಮೂಗಿಗೆ ಘಾಟು ಹೊಡೆಯುವ ಹಾಗೆ. ಫೋನ್ ಮಾಡಿ ಕೇಳಿದರೆ ‘ಹೊಸದಲ್ವಾ, ಎರಡು ದಿನ ಬಿಟ್ಟರೆ ಸರಿಹೋಗುತ್ತೆ’ ಎಂಬ ಉತ್ತರ ಬರುತ್ತದೆ.

ಹೆಚ್ಚಿನ ಸಲ ಆ ಮಾತು ನಿಜ. ಆದರೆ ಎರಡು ದಿನ ಇರಲಿ, ಎರಡು ನಿಮಿಷವೂ ಕಾಯಬಾರದ ವಾಸನೆಗಳಿವೆ. ಎಷ್ಟು ದಿನವಾದರೂ ತಾನಾಗಿ ಹೋಗದ ವಾಸನೆಗಳೂ ಇವೆ. ಹೊಸ ಬಾಯ್ಲರಿನ ಸಹಜ ವಾಸನೆಗೆ ಒಂದೇ ಲಕ್ಷಣ: ಅದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಹೋಗುತ್ತದೆ. ಹಾಗೆ ಕಡಿಮೆಯಾಗದಿದ್ದರೆ ಎಲ್ಲೋ ಏನೋ ತಪ್ಪಿದೆ ಎಂದೇ ತಿಳಿಯಬೇಕು. ರೂಮ್ ಫ್ರೆಶ್ನರ್ ಹೊಡೆದು ಅದನ್ನು ಮುಚ್ಚಬೇಡಿ. ಪತ್ತೆ ಮಾಡಲು ನಿಮ್ಮ ಬಳಿ ಇರುವ ಮುಖ್ಯ ಸುಳಿವೇ ಆ ವಾಸನೆ.

ಮೊದಲ ಹೆಜ್ಜೆ: ಇದು ಗ್ಯಾಸ್ ವಾಸನೆಯೇ?

ಕೊಳೆತ ಮೊಟ್ಟೆಯಂಥ ಗಬ್ಬು ವಾಸನೆ ಬಂದರೆ ಲೇಖನದ ಮುಂದಿನ ಭಾಗ ಓದುತ್ತಾ ಕೂರಬೇಡಿ. ಗ್ಯಾಸ್ ಸೋರುತ್ತಿದೆ ಎಂದುಕೊಂಡೇ ನಡೆದುಕೊಳ್ಳಿ. ಲೈಟ್ ಹಾಕಬೇಡಿ. ಉರಿಯುತ್ತಿರುವ ಲೈಟನ್ನು ಆರಿಸಲೂ ಬೇಡಿ, ಸ್ವಿಚ್ಚಿನೊಳಗೆ ಹಾರುವ ಸಣ್ಣ ಕಿಡಿಯೇ ಸಾಕು. ಗ್ಯಾಸಿನ ಮುಖ್ಯ ವಾಲ್ವ್ ಹೋಗುವ ದಾರಿಯಲ್ಲೇ ಇದ್ದರೆ ಮುಚ್ಚಿ. ಇಲ್ಲದಿದ್ದರೆ ಅದನ್ನು ಹುಡುಕಿಕೊಂಡು ಒಳಗೆ ಹೋಗಬೇಡಿ. ಬಾಗಿಲು ತೆರೆದಿಟ್ಟು ಎಲ್ಲರನ್ನೂ ಕರೆದುಕೊಂಡು ಹೊರಗೆ ನಡೆಯಿರಿ. ದೂರ ಹೋದ ಮೇಲೆ ಗ್ಯಾಸ್ ಪೂರೈಸುವವರ ತುರ್ತು ಸಂಖ್ಯೆಗೆ ಫೋನ್ ಮಾಡಿ. ಅವರು ಬಂದು ನೋಡಿ ಹೇಳುವವರೆಗೆ ಒಳಗೆ ಕಾಲಿಡಬೇಡಿ.

ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ ತನ್ನದೇ ಆದ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಮರ್ಕ್ಯಾಪ್ಟನ್ ಎಂಬ ಗಂಧಕದ ರಾಸಾಯನಿಕವನ್ನು ಬೆರೆಸುತ್ತಾರೆ. ಇದರ ಹಿಂದೆ ದೊಡ್ಡ ದುರಂತವೊಂದಿದೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ, ವಾಸನೆಯಿಲ್ಲದ ಗ್ಯಾಸ್ ಕಟ್ಟಡದ ನೆಲದಡಿಯಲ್ಲಿ ತುಂಬಿಕೊಂಡು ಸಿಡಿಯಿತು. ಸುಮಾರು 300 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಗ್ಯಾಸಿಗೆ ವಾಸನೆ ಬೆರೆಸಲೇಬೇಕು ಎಂಬ ಕಾನೂನು ಬಂದದ್ದು ಅದರ ನಂತರ. ನೈಸರ್ಗಿಕ ಅನಿಲ ಗಾಳಿಯಲ್ಲಿ ಶೇ 5ರಿಂದ 15ರಷ್ಟು ಬೆರೆತಾಗ ಸಿಡಿಯಬಲ್ಲದು. ಆ ಕೆಳಮಿತಿಯ ಐದನೇ ಒಂದು ಪಾಲು, ಅಂದರೆ ಶೇ 1ರಷ್ಟಿರುವಾಗಲೇ ಮೂಗಿಗೆ ಗೊತ್ತಾಗಬೇಕು ಎಂಬುದು ಅಮೆರಿಕದ ನಿಯಮ. ಹಾಗಾಗಿ ವಾಸನೆ ಬಂದ ತಕ್ಷಣ ಹೊರಟರೆ ನಿಮಗೆ ಸಮಯ ಸಿಗುತ್ತದೆ.

ಹೊಸದಾಗಿ ಜೋಡಿಸಿದ ಮನೆಯಲ್ಲಿ ಇನ್ನೊಂದು ತೊಂದರೆಯಿದೆ. ಇದು ತುಂಬ ಜನಕ್ಕೆ ಗೊತ್ತಿಲ್ಲ. ಬಾಯ್ಲರಿನ ಜೊತೆಗೆ ಹೊಸ ಉಕ್ಕಿನ ಪೈಪ್ ಅಥವಾ ಹೊಸ ಗ್ಯಾಸ್ ಟ್ಯಾಂಕ್ ಹಾಕಿಸಿದ್ದರೆ, ಅದರ ಒಳಮೈ ಈ ಮರ್ಕ್ಯಾಪ್ಟನ್ನನ್ನು ಹೀರಿಕೊಳ್ಳುತ್ತದೆ. ಒಳಗಿನ ತುಕ್ಕು ಕೂಡ ಅದನ್ನು ಕೆಡಿಸುತ್ತದೆ. ಆಗ ಗ್ಯಾಸ್ ಸೋರಿದರೂ ವಾಸನೆ ತೀರಾ ಮಂದವಾಗಿರಬಹುದು. ಮೂಗು ಕೂಡ ಬೇಗ ಸೋಲುತ್ತದೆ. ಅದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ‘ಹೋಯ್ತು’ ಅನ್ನಿಸುತ್ತದೆ, ಆದರೆ ವಾಸನೆ ಅಲ್ಲೇ ಇರುತ್ತದೆ. ಅದಕ್ಕೇ ಗ್ಯಾಸ್ ಡಿಟೆಕ್ಟರ್ ಇಟ್ಟುಕೊಳ್ಳಿ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಅದಕ್ಕೆ ಡಿಟೆಕ್ಟರ್ ಚಾವಣಿಯ ಹತ್ತಿರ ಬೇಕು. ಎಲ್‌ಪಿಜಿ ಭಾರ, ನೆಲದ ಮೇಲೆ ಹರಡಿಕೊಳ್ಳುತ್ತದೆ. ಅದಕ್ಕೆ ಡಿಟೆಕ್ಟರ್ ಕೆಳಗಿರಬೇಕು.

ಪ್ಲಾಸ್ಟಿಕ್ ಸುಟ್ಟ ವಾಸನೆ ಅಥವಾ ಕಾರಣವಿಲ್ಲದೆ ಮೀನಿನಂಥ ವಾಸನೆ ಬಂದರೂ ಕಾಯಬೇಡಿ. ಸಡಿಲವಾದ ತಂತಿ, ಬಿಗಿಯಾಗಿ ಕೂರದ ಟರ್ಮಿನಲ್ ಬಿಸಿಯಾಗಿ ಅದರ ಸುತ್ತಲಿನ ಪ್ಲಾಸ್ಟಿಕ್ ಕರಗುವಾಗ ಹೀಗಾಗುತ್ತದೆ. ಗ್ಯಾಸ್ ವಾಸನೆ ಇಲ್ಲ ಎಂಬುದು ಖಚಿತವಿದ್ದರೆ ಬಾಯ್ಲರಿನ ಕರೆಂಟನ್ನು ಮುಖ್ಯ ಸ್ವಿಚ್ಚಿನಲ್ಲೇ ತೆಗೆದುಬಿಡಿ.

ವಾಸನೆಯೇ ಇಲ್ಲದ ಅಪಾಯ

ಕಾರ್ಬನ್ ಮೊನಾಕ್ಸೈಡ್‌ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಸ್ವಲ್ಪವೇ ಇದ್ದರೂ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಆದರೆ ಉರಿ ಸರಿಯಾಗಿ ಉರಿಯದೇ ಇದ್ದಾಗ ಇದರ ಜೊತೆಗೆ ಕಣ್ಣು ಉರಿಸುವ, ಘಾಟಾದ ಹೊಗೆಯೂ ಹುಟ್ಟುತ್ತದೆ. ಆ ಘಾಟು ಬಂತೆಂದರೆ ಕಾರ್ಬನ್ ಮೊನಾಕ್ಸೈಡ್ ಕೂಡ ಬಂದಿರಬಹುದು ಅಂತಲೇ ಅರ್ಥ.

ಮನೆಯಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಒಟ್ಟಿಗೇ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ, ಹೊರಗೆ ಹೋದಾಗ ಅದು ಕಡಿಮೆಯಾದರೆ, ಜ್ವರ ಇಲ್ಲದಿದ್ದರೆ, ಬಾಯ್ಲರ್ ಆರಿಸಿ ಎಲ್ಲರೂ ಹೊರಗೆ ಬನ್ನಿ. ಹೊರಗಿನಿಂದಲೇ ತುರ್ತು ಸೇವೆಗೆ ಫೋನ್ ಮಾಡಿ, ವೈದ್ಯರಿಗೂ ತೋರಿಸಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದ ಮನೆಯಲ್ಲಿ ಬಾಯ್ಲರ್ ಓಡಿಸಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಅಲಾರಂ ಕೂಗಲಿಲ್ಲ ಎಂದರೆ ಎಲ್ಲ ಸರಿಯಿದೆ ಎಂದೂ ಅಲ್ಲ. ಯುರೋಪಿನ ಇಎನ್ 50291 ಮಾನದಂಡದ ಅಲಾರಂ 50 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 50 ಪಾಲು) ಇದ್ದಾಗ ಒಂದರಿಂದ ಒಂದೂವರೆ ಗಂಟೆ ಕಳೆದ ಮೇಲೆ ಕೂಗುತ್ತದೆ. 300 ಪಿಪಿಎಂ ಇದ್ದರೆ ಮೂರು ನಿಮಿಷದೊಳಗೆ. ಅಂದರೆ ಕಡಿಮೆ ಪ್ರಮಾಣ ಇದ್ದರೆ ಅದು ಸುಮ್ಮನಿರುತ್ತದೆ. ಅಂಕಿ ತೋರಿಸುವ ಅಲಾರಂ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಎರಡನೇ ಹೆಜ್ಜೆ: ಹೊಸತನದ ವಾಸನೆಯನ್ನು ಬೇಗ ಕಳೆಯಿರಿ

ಮೇಲಿನ ಯಾವುದೂ ಅಲ್ಲ ಎಂದಾದರೆ ಈಗ ಸಮಾಧಾನದಿಂದ ಕೆಲಸ ಮಾಡಬಹುದು. ಕಾರ್ಖಾನೆಯಿಂದ ಬಂದ ಹೊಸ ಬಾಯ್ಲರಿನ ಒಳಗೆ ಸುಡುವಂಥದ್ದು ತುಂಬ ಇರುತ್ತದೆ. ಲೋಹಕ್ಕೆ ತುಕ್ಕು ಹಿಡಿಯದಿರಲಿ ಎಂದು ಬಳಿದ ಎಣ್ಣೆ, ಹೊರಕವಚದ ಬಣ್ಣ, ಬಾಗಿಲಿನ ಸಂದು ಮುಚ್ಚುವ ಗ್ಯಾಸ್ಕೆಟ್, ಸಿಲಿಕಾನ್ ಅಂಟು ಇವೆಲ್ಲ ಮೊದಲ ಸಲ ಕಾಯುವಾಗ ವಾಸನೆ ಬಿಡುತ್ತವೆ. ಉರಿಯ ಸುತ್ತ ಶಾಖ ತಡೆಯಲು ಇಟ್ಟ ಹಲಗೆಯ ನಾರುಗಳನ್ನು ಹಿಡಿದಿಟ್ಟ ಅಂಟು ಕೂಡ ಮೊದಲ ಉರಿಗೆ ಸುಟ್ಟುಹೋಗುತ್ತದೆ. ತಾಮ್ರದ ಪೈಪಿಗೆ ಬೆಸುಗೆ ಹಾಕುವಾಗ ಹಚ್ಚಿದ ಫ್ಲಕ್ಸ್ ಎಂಬ ಲೇಪ, ಕಬ್ಬಿಣದ ಪೈಪಿಗೆ ತಿರುಪಿನ ಎಳೆ (ಥ್ರೆಡ್) ಕೊರೆಯುವಾಗ ಬಿಟ್ಟ ಎಣ್ಣೆ, ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಿಡುವ ಹೊಸ ರೇಡಿಯೇಟರಿನ ಬಣ್ಣ ಕೂಡ ಇದಕ್ಕೆ ಸೇರಿಕೊಳ್ಳುತ್ತವೆ. ಹಾಗಾಗಿ ವಾಸನೆ ಬಾಯ್ಲರ್ ಇರುವ ಕೋಣೆಯಲ್ಲಷ್ಟೇ ಅಲ್ಲ, ಮಲಗುವ ಕೋಣೆಯಲ್ಲೂ ಬರಬಹುದು.

ಇದನ್ನು ಬೇಗ ಮುಗಿಸುವುದು ಹೀಗೆ. ಹಗಲು ಹೊತ್ತು ಆರಿಸಿಕೊಳ್ಳಿ. ಎದುರು ಬದುರಿನ ಕಿಟಕಿಗಳನ್ನು ತೆರೆಯಿರಿ. ಮಕ್ಕಳನ್ನು, ಉಬ್ಬಸ ಇರುವವರನ್ನು, ಸಾಕುಪ್ರಾಣಿ ಪಕ್ಷಿಗಳನ್ನು ಬೇರೆ ಕಡೆ ಇರಿಸಿ. ಎಲ್ಲ ರೇಡಿಯೇಟರುಗಳ ವಾಲ್ವ್ ಪೂರ್ತಿ ತೆರೆದು, ಥರ್ಮೋಸ್ಟಾಟನ್ನು ಮೇಲಕ್ಕೆ ಏರಿಸಿ, ಮೂರು ನಾಲ್ಕು ಗಂಟೆ ಬಿಡದೆ ಓಡಿಸಿ. ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿದರೆ ಅದೇ ವಾಸನೆ ವಾರಗಟ್ಟಲೆ ಎಳೆಯುತ್ತದೆ. ಮರುದಿನ ಇನ್ನೊಮ್ಮೆ ಮಾಡಿ. ಆದರೆ ನೆಲದಡಿ ಪೈಪ್ ಹಾಕಿ ನೆಲವನ್ನೇ ಬಿಸಿ ಮಾಡುವ ಮನೆಗಳಲ್ಲಿ ಹೀಗೆ ಮಾಡಬೇಡಿ. ಅಲ್ಲಿ ನೀರಿನ ಬಿಸಿಗೆ ಮಿತಿಯಿದೆ. ಹೊಸ ನೆಲವನ್ನು ಒಮ್ಮೆಲೇ ಕಾಯಿಸಿದರೆ ಬಿರುಕು ಬಿಡುತ್ತದೆ.

ಓಡಿಸುವ ಮೊದಲು ಟಾರ್ಚ್ ಹಿಡಿದು ಬಾಯ್ಲರಿನ ಸುತ್ತ, ಕೆಳಗೆ, ಹಿಂದೆ ನೋಡಿ. ಹೊಗೆ ಹೋಗುವ ಫ್ಲೂ ಪೈಪಿಗೆ ಅಂಟಿಸಿದ ಕಾಗದದ ಲೇಬಲ್ಲನ್ನು ಯಾರೂ ಕಿತ್ತಿರುವುದಿಲ್ಲ. ಅದು ಕಂದು ಬಣ್ಣಕ್ಕೆ ತಿರುಗಿ, ಅಂಚು ಸುರುಳಿಯಾಗಿ, ಕೆಳಗಿನ ಅಂಟು ಕುದಿದು ಗುಳ್ಳೆ ಬಂದಿರುತ್ತದೆ. ಕೈಪಿಡಿ ಇಟ್ಟ ಪ್ಲಾಸ್ಟಿಕ್ ಚೀಲವನ್ನು ಪಕ್ಕದಲ್ಲೇ ನೇತುಹಾಕಿರುತ್ತಾರೆ, ಅದು ಬಿಸಿ ಪೈಪಿಗೆ ತಾಗಿ ಮೆತ್ತಿಕೊಂಡಿರುತ್ತದೆ. ತಳದಲ್ಲಿ ಪ್ಯಾಕಿಂಗಿನ ಥರ್ಮಾಕೋಲ್ ಚೂರು ಉಳಿದಿರುವುದೂ ಉಂಟು. ಇಂಥವು ಎಷ್ಟು ಸಲ ಕಾಯಿಸಿದರೂ ವಾಸನೆ ಬಿಡುತ್ತಲೇ ಇರುತ್ತವೆ. ಬಾಯ್ಲರ್ ಪೂರ್ತಿ ಆರಿದ ಮೇಲೆ ತೆಗೆದುಬಿಡಿ. ಹೊರಗೆ ಕಾಣುವುದನ್ನು ಮಾತ್ರ ಮುಟ್ಟಿ. ಮುಂದಿನ ಮುಚ್ಚಳ ಬಿಚ್ಚಬೇಡಿ. ಎಷ್ಟೋ ಬಾಯ್ಲರುಗಳಲ್ಲಿ ಆ ಮುಚ್ಚಳವೇ ಹೊಗೆಯನ್ನು ಒಳಗೆ ತಡೆದಿಡುವ ಸೀಲ್.

ಪ್ರತಿದಿನ ವಾಸನೆ ಎಷ್ಟಿದೆ ಎಂದು ಒಂದು ಸಾಲು ಬರೆದಿಡಿ. ಹತ್ತು ನಿಮಿಷ ಹೊರಗೆ ಹೋಗಿ ಬಂದು ಮೂಸಿ ನೋಡಿ, ಆಗಲೇ ಸರಿಯಾಗಿ ಗೊತ್ತಾಗುವುದು. ಹೊರಗಿನಿಂದ ಬಂದವರನ್ನೂ ಕೇಳಿ. ಒಂದು ವಾರ ಚೆನ್ನಾಗಿ ಓಡಿಸಿದ ಮೇಲೂ ಮೊದಲ ದಿನದಷ್ಟೇ ಇದ್ದರೆ ಅದು ಹೊಸತನದ ವಾಸನೆಯಲ್ಲ.

ಮೂರನೇ ಹೆಜ್ಜೆ: ಯಾವಾಗ ಬರುತ್ತದೆ, ಎಲ್ಲಿ ಬರುತ್ತದೆ

ಹೊತ್ತಿಕೊಳ್ಳುವಾಗ ಮಾತ್ರ ಒಂದು ಕ್ಷಣ ಬರುತ್ತದೆಯೇ? ಓಡುತ್ತಿರುವಷ್ಟು ಹೊತ್ತೂ ಬರುತ್ತದೆಯೇ? ಬಾಯ್ಲರ್ ನಿಂತಿರುವಾಗಲೂ ಇದೆಯೇ? ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಹೆಚ್ಚಾಗುತ್ತದೆಯೇ? ಗಾಳಿ ಬೀಸುವ ದಿನ ಮಾತ್ರವೇ? ಬಾಯ್ಲರ್ ಆರಿದ್ದಾಗಲೂ ವಾಸನೆ ಇದ್ದರೆ ಉರಿಯ ತಪ್ಪಲ್ಲ. ಸೋರಿಕೆ, ಚರಂಡಿ, ಬಣ್ಣ ಇವುಗಳ ಕಡೆ ನೋಡಿ. ಓಡುವಾಗ ಮಾತ್ರ ಇದ್ದರೆ ಹೊಗೆಯ ದಾರಿಯನ್ನು ಅನುಮಾನಿಸಿ.

ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಹೊಗೆಯನ್ನು ತಾನಾಗಿ ಚಿಮಣಿಗೆ ಏರಲು ಬಿಡುವ ಹಳೆಯ ಬಗೆಯ ಬಾಯ್ಲರ್ ಆಗಿದ್ದರೆ ಒಂದು ಸುಲಭ ಪರೀಕ್ಷೆಯಿದೆ. ಕಿಟಕಿ ಬಾಗಿಲು ಮುಚ್ಚಿ, ಮನೆಯ ಎಕ್ಸಾಸ್ಟ್ ಫ್ಯಾನ್‌ಗಳನ್ನೆಲ್ಲ ಹಾಕಿ, ಬಾಯ್ಲರ್ ಐದು ನಿಮಿಷ ಓಡಲಿ. ಆಮೇಲೆ ಹೊಗೆ ಮೇಲೇರುವಲ್ಲಿನ ತೆರೆದ ಅಂಚಿನ ಬಳಿ ಹೊಗೆಯಾಡುವ ಊದುಬತ್ತಿ ಹಿಡಿಯಿರಿ. ಊದುಬತ್ತಿಯ ಹೊಗೆ ಒಳಕ್ಕೆ ಎಳೆದುಕೊಂಡು ಹೋದರೆ ಸರಿ. ಕೋಣೆಯ ಕಡೆಗೆ ತಳ್ಳಿ ಬಂದರೆ ಬಾಯ್ಲರಿನ ಹೊಗೆಯೂ ಕೋಣೆಗೇ ಬರುತ್ತಿದೆ. ಆಗಲೇ ಆರಿಸಿ, ಕಿಟಕಿ ತೆರೆದು, ಫಿಟ್ಟರಿಗೆ ಹೇಳಿ. ಗ್ಯಾಸ್ ವಾಸನೆಯ ಅನುಮಾನ ಎಳ್ಳಷ್ಟಿದ್ದರೂ ಈ ಪರೀಕ್ಷೆಗೆ ಕೈ ಹಾಕಬೇಡಿ.

ಹಳೆಯ ಚಿಮಣಿಗೆ ಹೊಸ ಬಾಯ್ಲರ್ ಜೋಡಿಸಿದ ಮನೆಗಳಲ್ಲಿ ಈ ತೊಂದರೆ ಜಾಸ್ತಿ. ಹೊಸ ಬಾಯ್ಲರಿನ ಹೊಗೆ ಹಳೆಯದರಷ್ಟು ಬಿಸಿಯಿರುವುದಿಲ್ಲ. ಅಗಲವಾದ ಹಳೆಯ ಚಿಮಣಿ ಅದರಿಂದ ಕಾಯುವುದಿಲ್ಲ, ಕಾಯದ ಚಿಮಣಿ ಹೊಗೆಯನ್ನು ಮೇಲಕ್ಕೆ ಎಳೆಯುವುದಿಲ್ಲ. ಇನ್ನೊಂದು ಸಂಗತಿ ಫಿಟ್ಟರುಗಳ ಕಣ್ಣಿಗೂ ತಪ್ಪಿಹೋಗುತ್ತದೆ. ಮೊದಲು ಬಾಯ್ಲರೂ ಸ್ನಾನದ ನೀರಿನ ಹೀಟರೂ ಒಂದೇ ಚಿಮಣಿ ಹಂಚಿಕೊಂಡಿರುತ್ತವೆ. ಹೊಸ ಬಾಯ್ಲರಿನ ಹೊಗೆಯನ್ನು ಗೋಡೆಯ ಮೂಲಕ ಹೊರಗೆ ಬಿಟ್ಟ ಮೇಲೆ ಆ ದೊಡ್ಡ ಚಿಮಣಿಯಲ್ಲಿ ಸಣ್ಣ ಹೀಟರ್ ಒಂಟಿಯಾಗುತ್ತದೆ. ಅದರ ಹೊಗೆ ಮೇಲೇರಲಾರದೆ ಮನೆಯೊಳಗೆ ಇಳಿಯುತ್ತದೆ. ವಾಸನೆ ಶುರುವಾದದ್ದು ಹೊಸ ಬಾಯ್ಲರ್ ಬಂದ ಮೇಲೆ, ಆದರೆ ಕಾರಣ ಪಕ್ಕದ ಹೀಟರ್! ಊದುಬತ್ತಿ ಪರೀಕ್ಷೆಯನ್ನು ಅದಕ್ಕೂ ಮಾಡಿ.

ಕಂಡೆನ್ಸಿಂಗ್ ಬಾಯ್ಲರ್ ಆಗಿದ್ದರೆ ಟ್ರ್ಯಾಪ್ ಬಗ್ಗೆ ಕೇಳಿ

ಈಗಿನ ಹೆಚ್ಚಿನ ಬಾಯ್ಲರುಗಳು ಕಂಡೆನ್ಸಿಂಗ್ ಬಗೆಯವು. ಹೊಗೆಯಲ್ಲಿರುವ ನೀರಾವಿಯನ್ನೂ ತಣಿಸಿ ಅದರ ಶಾಖವನ್ನು ಹಿಂಡಿಕೊಳ್ಳುತ್ತವೆ. ಹಾಗೆ ತಣಿದ ನೀರು ಸ್ವಲ್ಪ ಹುಳಿ, ಅಂದರೆ ಆಮ್ಲೀಯ. ಅದು ಒಂದು ಸಣ್ಣ ಪೈಪಿನಲ್ಲಿ ಚರಂಡಿಗೆ ಹೋಗುತ್ತದೆ. ದಾರಿಯಲ್ಲಿ ನೀರು ನಿಲ್ಲುವ ಒಂದು ಬಾಗು, ಅಂದರೆ ಟ್ರ್ಯಾಪ್ ಇರುತ್ತದೆ. ಅದರಲ್ಲಿ ನಿಂತ ನೀರೇ ಹೊಗೆಗೆ ಅಡ್ಡ. ಬಾಯ್ಲರನ್ನು ಮೊದಲ ಸಲ ಹೊತ್ತಿಸುವ ಮೊದಲು ಈ ಟ್ರ್ಯಾಪಿಗೆ ನೀರು ತುಂಬಿಸಬೇಕು. ಅವಸರದಲ್ಲಿ ಅದನ್ನು ಮರೆತರೆ ಹೊಗೆ ನೇರವಾಗಿ ಆ ಪೈಪಿನಿಂದ ಕೋಣೆಗೆ ಬರುತ್ತದೆ. ಹೊಸ ಬಾಯ್ಲರಿನಲ್ಲಿ ಬೆಚ್ಚಗಿನ, ತೇವದ, ಮೂಗು ಚುಚ್ಚುವ ವಾಸನೆ ಬಂದರೆ ನಾನಾದರೆ ಮೊದಲು ಕೇಳುವ ಪ್ರಶ್ನೆಯೇ ‘ಟ್ರ್ಯಾಪಿಗೆ ನೀರು ಹಾಕಿದ್ದಿರಾ?’ ಎಂಬುದು. ತಿಂಗಳುಗಟ್ಟಲೆ ಆರಿಸಿಟ್ಟ ಬಾಯ್ಲರಿನಲ್ಲೂ ಈ ನೀರು ಒಣಗಿರಬಹುದು.

ಎರಡನೆಯ ಅನುಮಾನ ಫ್ಲೂ ಪೈಪಿನ ಕೀಲುಗಳ ಮೇಲೆ. ಪೈಪುಗಳನ್ನು ಒಂದರೊಳಗೊಂದು ತೂರಿಸುವಾಗ ರಬ್ಬರ್ ಗ್ಯಾಸ್ಕೆಟ್ ಮಡಚಿಕೊಂಡರೆ, ಜಾರಿಹೋದರೆ ಹೊಗೆ ಸೋರುತ್ತದೆ. ಎಷ್ಟೋ ಬಾಯ್ಲರುಗಳಲ್ಲಿ ಪೈಪಿನೊಳಗೆ ಪೈಪ್ ಇರುತ್ತದೆ. ಒಳಗಿನದರಲ್ಲಿ ಹೊಗೆ ಹೊರಗೆ ಹೋಗುತ್ತದೆ, ಹೊರಗಿನದರಲ್ಲಿ ತಾಜಾ ಗಾಳಿ ಒಳಗೆ ಬರುತ್ತದೆ. ಒಳಪೈಪಿನ ಕೀಲು ಸೋರಿದರೆ ಕಣ್ಣಿಗೆ ಕಾಣುವುದಿಲ್ಲ. ಫಿಟ್ಟರ್ ತಾಜಾ ಗಾಳಿಯ ದಾರಿಯಲ್ಲಿ ಅಳತೆಯ ಉಪಕರಣ ಇಟ್ಟು ನೋಡಬೇಕು. ಬರೀ ಗಾಳಿಯಲ್ಲಿ ಆಮ್ಲಜನಕ ಶೇ 20.9ರಷ್ಟಿರುತ್ತದೆ. ಅಲ್ಲಿ ಅದು ಕಡಿಮೆ ತೋರಿಸಿದರೆ ಹೊಗೆ ಒಳಗೇ ಸುತ್ತುತ್ತಿದೆ.

ಹೊರಗೆ ಹೊಗೆಬಾಯಿಂದ ಬಿಳಿ ಆವಿ ಬರುವುದು ಸಹಜ, ಅದಕ್ಕೆ ಹೆದರಬೇಡಿ. ಆದರೆ ಆ ಬಾಯಿ ಕಿಟಕಿಯ ಹತ್ತಿರವಿದ್ದರೆ ಆವಿಯ ಜೊತೆ ಹೊಗೆಯೂ ಮನೆಗೆ ಬರುತ್ತದೆ. ಗಾಳಿ ಬೀಸುವ ದಿನ ಮಾತ್ರ ವಾಸನೆ ಬರುವ ಮನೆಗಳಲ್ಲಿ ಇದೇ ಕಾರಣ ಇರಬಹುದು. ಕಿಟಕಿಯಿಂದ ಎಷ್ಟು ದೂರ ಇರಬೇಕು ಎಂಬುದು ಕೈಪಿಡಿಯಲ್ಲಿರುತ್ತದೆ, ಟೇಪ್ ಹಿಡಿದು ಅಳೆದು ನೋಡಿ.

ಉಳಿದ ವಾಸನೆಗಳು

ಬಾಯ್ಲರ್ ಬದಲಿಸುವಾಗಲೇ ಮನೆಗೆ ಬಣ್ಣ ಹೊಡೆಸುವವರು ತುಂಬ ಜನ. ಬಣ್ಣ, ವಾರ್ನಿಷ್, ಅಂಟಿನ ಆವಿಯನ್ನು ಬಾಯ್ಲರ್ ಗಾಳಿಯ ಜೊತೆ ಎಳೆದುಕೊಂಡು ಸುಟ್ಟರೆ ವಿಚಿತ್ರ ಘಾಟು ಹುಟ್ಟುತ್ತದೆ. ಬ್ಲೀಚ್, ಕ್ಲೋರಿನ್ ಇರುವ ದ್ರಾವಕ, ಏಸಿಯ ಗ್ಯಾಸ್ ಇವುಗಳ ಆವಿ ಉರಿಗೆ ಸಿಕ್ಕರೆ ಹೈಡ್ರೋಕ್ಲೋರಿಕ್ ಆಮ್ಲದಂಥ ಕಟು ಆಮ್ಲಗಳೇ ಆಗುತ್ತವೆ. ಅದು ಉರಿಯ ಶಾಖವನ್ನು ನೀರಿಗೆ ದಾಟಿಸುವ ಹೊಸ ಹೀಟ್ ಎಕ್ಸ್‌ಚೇಂಜರನ್ನು ತಿಂದುಹಾಕುತ್ತದೆ. ಬಾಯ್ಲರ್ ಕೋಣೆಯಲ್ಲಿ ಇಂಥ ಡಬ್ಬಗಳಿದ್ದರೆ ಈಗಲೇ ಬೇರೆ ಕಡೆ ಸಾಗಿಸಿ.

ಎಣ್ಣೆಯಿಂದ ಉರಿಯುವ ಬಾಯ್ಲರಿನಲ್ಲಿ ಜೋಡಿಸುವಾಗ ಪೈಪಿನ ಗಾಳಿ ತೆಗೆಯುತ್ತಾರೆ. ಆಗ ಚೆಲ್ಲಿದ ಸ್ವಲ್ಪ ಎಣ್ಣೆಯೂ ದಿನಗಟ್ಟಲೆ ನಾರುತ್ತದೆ. ಚೆನ್ನಾಗಿ ಒರೆಸಿ, ಪಂಪಿನ ಮತ್ತು ಫಿಲ್ಟರಿನ ಕೀಲುಗಳ ಕೆಳಗೆ ಬಿಳಿ ಕಾಗದ ಹಾಸಿ. ಮರುದಿನ ಅದರ ಮೇಲೆ ಎಣ್ಣೆಯ ಕಲೆ ಕಂಡರೆ ಸೋರಿಕೆ ಖಚಿತ. ಹೊತ್ತಿಕೊಳ್ಳುವಾಗ ‘ಡಬ್’ ಎಂಬ ಸದ್ದು, ಜೊತೆಗೆ ಮಸಿ ಬಂದರೆ ಬಾಯ್ಲರ್ ಓಡಿಸುವುದನ್ನು ನಿಲ್ಲಿಸಿ.

ಸಿಹಿಯಾದ ವಾಸನೆ ಬಂದರೆ, ನೀರು ಹೆಪ್ಪುಗಟ್ಟದಿರಲಿ ಎಂದು ಬೆರೆಸುವ ಗ್ಲೈಕಾಲ್ ಎಲ್ಲೋ ಸೋರುತ್ತಿರಬಹುದು. ಮುಗ್ಗಲು ವಾಸನೆ ನೀರು ತೊಟ್ಟಿಕ್ಕಿ ಪೈಪಿನ ಹೊದಿಕೆ ನೆಂದಿದೆ ಎಂಬುದರ ಗುರುತು. ಬರೀ ಕಾದ ಲೋಹದ ವಾಸನೆ ಬಂದು ನೀರಿನ ಒತ್ತಡದ ಮುಳ್ಳು ಸೊನ್ನೆಗೆ ಇಳಿದಿದ್ದರೆ ಬಾಯ್ಲರ್ ನೀರಿಲ್ಲದೆ ಕಾಯುತ್ತಿದೆ. ಕೂಡಲೇ ಆರಿಸಿ. ಬಿಸಿ ಇರುವಾಗ ತಣ್ಣೀರು ತುಂಬಿಸಬೇಡಿ, ಲೋಹ ಬಿರುಕು ಬಿಡುತ್ತದೆ.

ಕೊಳೆತ ಮೊಟ್ಟೆಯ ವಾಸನೆ ಬಂದು, ಗ್ಯಾಸಿನವರು ಪರೀಕ್ಷಿಸಿ ಸೋರಿಕೆ ಇಲ್ಲ ಎಂದ ಮೇಲೂ ಉಳಿದಿದ್ದರೆ ನೆಲದ ಚರಂಡಿಯನ್ನು ನೋಡಿ. ಅದರ ಟ್ರ್ಯಾಪ್ ಒಣಗಿದರೆ ಒಳಗಿನ ಗ್ಯಾಸ್ ಮೇಲೆ ಬರುತ್ತದೆ, ಒಂದು ಬಕೆಟ್ ನೀರು ಸುರಿದರೆ ನಿಲ್ಲುತ್ತದೆ. ರೇಡಿಯೇಟರಿನ ಗಾಳಿ ಬಿಡುವಾಗ ಮಾತ್ರ ಆ ವಾಸನೆ ಬಂದರೆ ಹಳೆಯ ಪೈಪುಗಳ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ. ಪೂರ್ತಿ ತೊಳೆಸಿ, ತುಕ್ಕು ತಡೆಯುವ ದ್ರಾವಣ ಹಾಕಿಸಬೇಕು. ಆ ಗಾಳಿಯ ಹತ್ತಿರ ಬೆಂಕಿ ತರಬೇಡಿ, ತುಕ್ಕು ಹಿಡಿಯುವಾಗ ಹುಟ್ಟಿದ ಹೈಡ್ರೋಜನ್ ಅದರಲ್ಲಿರಬಹುದು.

ಫಿಟ್ಟರನ್ನು ಕರೆಸುವಾಗ

‘ವಾಸನೆ ಬರುತ್ತಿದೆ’ ಎಂದಷ್ಟೇ ಹೇಳಿದರೆ ಮತ್ತೆ ಹಳೆಯ ಉತ್ತರವೇ ಸಿಗುತ್ತದೆ. ‘ಎಂಟನೇ ದಿನವೂ ಅಷ್ಟೇ ಇದೆ, ಓಡುವಾಗ ಮಾತ್ರ ಬರುತ್ತದೆ, ಫ್ಲೂ ಪೈಪಿನ ತಿರುವಿನ ಹತ್ತಿರ ಜೋರಾಗಿದೆ’ ಎಂದು ಬರೆದಿಟ್ಟದ್ದನ್ನು ಓದಿ ಹೇಳಿ. ಆಗ ಅವರು ಬರಲೇಬೇಕಾಗುತ್ತದೆ.

ಬಂದಾಗ ಹೊಗೆಯ ಅಳತೆ ಮಾಡಿಸಿ. ಅನಲೈಸರಿನ ಕಡ್ಡಿಯನ್ನು ಫ್ಲೂನೊಳಗೆ ಇಟ್ಟು ಆಮ್ಲಜನಕ, ಕಾರ್ಬನ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಎಂದು ನೋಡುತ್ತಾರೆ. ಕಡಿಮೆ ಉರಿಯಲ್ಲೂ ಪೂರ್ತಿ ಉರಿಯಲ್ಲೂ ಅಳೆಯಬೇಕು. ಅಳೆಯುವಾಗ ಬಾಯ್ಲರಿನ ಮುಚ್ಚಳ ಹಾಕಿರಬೇಕು. ಕೋಣೆಯ ಗಾಳಿ ಎಳೆಯುವ ಬಾಯ್ಲರ್ ಆದರೆ ಕಿಟಕಿಗಳನ್ನು ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಓಡುತ್ತಿರುವಾಗ ಹೊಗೆ ಹಿಂದಕ್ಕೆ ಬರುತ್ತದೆಯೇ ಎಂದೂ ನೋಡಿಸಿ. ಚಳಿಗಾಲದ ರಾತ್ರಿ ಮನೆ ಇರುವುದು ಹಾಗೆಯೇ ಅಲ್ವಾ? ಅನಲೈಸರ್ ಮುದ್ರಿಸಿ ಕೊಡುವ ಚೀಟಿಯ ಒಂದು ಪ್ರತಿ ಕೇಳಿ ಪಡೆಯಿರಿ. ಆ ಚೀಟಿಯ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗಬಹುದು, ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ವರ್ಷ ಸರ್ವಿಸ್‌ಗೆ ಬಂದವರು ತಮ್ಮ ಅಳತೆಯನ್ನು ಹೋಲಿಸಿ ನೋಡುವುದು ಅದರ ಜೊತೆಗೇ.